ನದಿಯಿಲ್ಲದ ನಗರದ ಕೈಗಾರಿಕೆಗಳು

ಕೈಗಾರಿಕಾ ನಗರಗಳ ಚರಿತ್ರೆಯನ್ನು ಪರಿಶೀಲಿಸಿದರೆ, ಅವುಗಳಲ್ಲಿ ಬಹುಪಾಲು ನದೀತೀರಗಳಲ್ಲಿಯೇ ಹುಟ್ಟಿ ಬೆಳೆದಿರುವುದು ಕಂಡುಬರುತ್ತದೆ. ಅಮೆರಿಕಾ ಖಂಡದಲ್ಲಿ ಉಕ್ಕಿಗೆ ಹೆಸರಾಗಿದ್ದ ಪಿಟ್ಸ್‌ಬರ್ಗ್ ಪಟ್ಟಣವು ಎರಡು ಹೊಳೆಗಳು ಕೂಡಿ ಓಹಾಯೊ ನದಿಯಾಗುವ ಎಡೆಯಲ್ಲಿದೆ. ಅದರ ಕಲ್ಲಿದ್ದಲು ಆ ನೀರಿನ ಮೇಲೆಯೇ ಸಾಗುತ್ತಿದ್ದಿತು. ಕನ್ನಡನಾಡಿನಲ್ಲಿಯೂ ಈ ಕ್ರಮಕ್ಕೆ ನಿದರ್ಶನಗಳಿಲ್ಲದೆ ಇಲ್ಲ. ಗೋಕಾಕದ ನೂಲಿನ ಗಿರಣಿಯು ಘಟಪ್ರಭೆಯ ಜಲಪಾತವನ್ನು ಆಶ್ರಯಿಸಿ ನಿಂತಿತು. ೧೯೨೩ರಲ್ಲಿ ಕಬ್ಬಿಣವನ್ನು ಕರಗಿಸಲಾರಂಭಿಸಿದ ಭದ್ರಾವತಿಯ ಕಾರ್ಖಾನೆಯು ಭದ್ರಾನದಿಯ ದಡದಲ್ಲಿ ನೆಲೆಗೊಂಡಿತು. ಬೆಂಗಳೂರು ಮಾತ್ರ ಇದಕ್ಕೆ ಅಪವಾದ. ಹೇಳಿಕೊಳ್ಳತಕ್ಕ ಹೊಳೆಯೊಂದೂ ಇಲ್ಲದ ಈ ಊರು ನಾಡಿನ ಕೈಗಾರಿಕೆಗಳಿಗೆಲ್ಲ ಮುಖ್ಯಸ್ಥಾನವಾದ ಬಗೆಯು ವಿಚಾರಾರ್ಹವಾಗಿದೆ.

ಸಮುದ್ರಮಟ್ಟದಿಂದ ಸುಮಾರು ೩,೦೦೦ ಅಡಿ ಎತ್ತರದ ದಿಣ್ಣೆಯೊಂದರ ನೆತ್ತಿಯ ಮೇಲೆ ನಗರವು ಕುಳಿತಿದೆ. ಇಲ್ಲಿ ಸುರಿದ ಮಳೆಯು ಎರಡು ಪಾಲಾಗಿ ಹರಿಯುತ್ತದೆ. ಪಶ್ಚಿಮದ ಇಳಿಜಾರಿನ ನೀರು ವೃಷಭಾವತಿಯನ್ನು ಸೇರಿ, ಅರ್ಕಾವತಿಯ ಮೂಲಕ ಕಾವೇರಿಗೆ ಹೋಗುತ್ತದೆ. ಪೂರ್ವದ ನೀರು ಬೆಳ್ಳಂದೂರು, ವರ್ತೂರು ಕೆರೆಗಳನ್ನು ಹಾಯ್ದು ದಕ್ಷಿಣ ಪಿನಾಕಿನಿಯಾಗಿ ತಮಿಳುನಾಡಿಗೆ ಇಳಿಯುತ್ತದೆ. ಅರ್ಕಾವತಿ ಮತ್ತು ದಕ್ಷಿಣ ಪಿನಾಕಿನಿ ಎರಡಕ್ಕೂ ನಂದಿಬೆಟ್ಟದ ಸೀಮೆಯೇ ಉಗಮಸ್ಥಾನವೆಂಬುದು ಗಮನಿಸತಕ್ಕ ವಿಷಯ. ವೃಷಭಾವತಿಯಾದರೋ ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಡಿಯಲ್ಲಿ ಹುಟ್ಟಿತೆಂದು ಜನರ ನಂಬಿಕೆ; ಹೆಸರೂ ಅದರಿಂದಲೇ ಬಂದುದು. ಮಳೆಗಾಲದಲ್ಲಿ ಹರಿದು ಬೇಸಗೆಯಲ್ಲಿ ಸೊರಗುವ ತೊರೆಯದು. ಕೆಂಪೇಗೌಡನು ೧೫೩೭ರಲ್ಲಿ ಕಟ್ಟಿಸಿದ ಪೇಟೆಯು ಇಂತಹ ತೊರೆಗಳನ್ನು ನಂಬಲಾರದೆ ಕೆರೆಗಳನ್ನೇ ನಂಬಿಕೊಂಡು ಬಾಳಿತು. ಧರ್ಮಾಂಬುಧಿ, ಸಂಪಂಗಿ ಕೆರೆಗಳು ಊರಿಗೆ ನೀರುಣಿಸಿ, ಕೊನೆಗೆ ಒಂದು ಬಸ್ಸುನಿಲ್ದಾಣವೂ ಇನ್ನೊಂದು ಆಟದ ಬಯಲೂ ಆಗಿ ಮುಗಿದವು.

ಕೆರೆಗಳ ಕಾಲವು ಹತ್ತೊಂಬತ್ತನೆಯ ಶತಮಾನದ ಅಂತ್ಯಕ್ಕೆ ತೀರಿತು. ಅರ್ಕಾವತಿಗೆ ಅಡ್ಡಲಾಗಿ ಹೆಸರಘಟ್ಟದಲ್ಲಿ ಕಟ್ಟೆಯನ್ನು ನಿರ್ಮಿಸಿ, ಅಲ್ಲಿಂದ ನಗರಕ್ಕೆ ಕೊಳವೆಯಲ್ಲಿ ನೀರನ್ನು ತರುವ ಕಾರ್ಯವು ೧೮೯೦ರ ದಶಕದಲ್ಲಿ ಕೈಗೂಡಿತು. ಅದೂ ಸಾಲದಾಗಲು, ಕುಮುದ್ವತಿಯು ಅರ್ಕಾವತಿಯನ್ನು ಸೇರುವ ತಿಪ್ಪಗೊಂಡನಹಳ್ಳಿಯಲ್ಲಿ ೧೯೩೩ರಲ್ಲಿ ಚಾಮರಾಜಸಾಗರವು ಸಿದ್ಧವಾಯಿತು. ಈ ನಡುವೆ ೧೯೦೫ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿಯು ನಗರಕ್ಕೆ ಬಂದಿತು. ಕಾವೇರಿಯ ನೀರು ಕೊಳವೆಯಲ್ಲಿ ಬಂದುದು ೧೯೭೪ರಲ್ಲಿ. ಎಂದರೆ, ನದಿಯ ಶಕ್ತಿಯು ಮೊದಲು ಬಂದು ನದಿಯ ನೀರು ಸುಮಾರು ಎಪ್ಪತ್ತು ವರ್ಷಗಳ ತರುವಾಯ ಬಂದಿತು. ಬೆಂಗಳೂರಿನ ಕೈಗಾರಿಕೆಗಳ ಸ್ವರೂಪವನ್ನು ಈ ಎಪ್ಪತ್ತು ವರ್ಷಗಳ ಅಂತರವೇ ಬಹುಮಟ್ಟಿಗೆ ನಿರ್ಣಯಿಸಿತೆಂದರೆ ತಪ್ಪಾಗಲಾರದು. ಹೆಚ್ಚು ನೀರನ್ನು ಬೇಡುವ ಕಾಗದ, ಉಕ್ಕು ಮೊದಲಾದುವು ಭದ್ರೆಯ ತೀರದಲ್ಲಿಯೇ ಉಳಿದುವು. ವಿದ್ಯುತ್ತನ್ನೂ ನುರಿತ ಕೈಗಳನ್ನೂ ಬೇಡುವ ಕೆಲಸಗಳು ಇಲ್ಲಿಗೆ ಬಂದುವು: ೧೯೪೦ರಲ್ಲಿ ವಿಮಾನದ ಕಾರ್ಖಾನೆ, ೧೯೪೮ರಲ್ಲಿ ದೂರವಾಣಿಯ ಕಾರ್ಖಾನೆ, ೧೯೫೩ರಲ್ಲಿ ಜಾಲಹಳ್ಳಿಯ ಹೆಚ್.ಎಂ.ಟಿ., ೧೯೫೪ರಲ್ಲಿ ಅದರ ನೆರೆಯಲ್ಲಿಯೇ ಭಾರತ್ ಎಲೆಕ್ಟ್ರಾನಿಕ್ಸ್. ಇವೆಲ್ಲವೂ ಅಂದಿನ ಊರಿನ ಹೊರಗೆ, ಹೊಲಗಳ ನಡುವೆ ಎದ್ದುವು.

ಪೀಣ್ಯದ ಉದಯಕ್ಕೆ ಈ ಜಾಲಹಳ್ಳಿಯ ನೆರೆಹೊರೆಯೇ ಭೂಮಿಕೆ. ದೊಡ್ಡ ಕಾರ್ಖಾನೆಯೊಂದು ಲೇತು ಯಂತ್ರವನ್ನು ತಯಾರಿಸಬೇಕಾದರೆ ತಿರುಪು, ಹಲ್ಲುಚಕ್ರ, ಎರಕದ ಬಿಡಿಭಾಗಗಳನ್ನೆಲ್ಲ ತಾನೇ ಮಾಡಿಕೊಳ್ಳುವುದು ಲಾಭಕರವಲ್ಲ. ಹೊರಗಿನ ಸಣ್ಣ ಕೈಗಾರಿಕೆಗಾರರಿಂದ ಕೊಳ್ಳುವುದೇ ವಿಹಿತ. ೧೯೬೬ರ ಕಾನೂನಿನಿಂದ ಹುಟ್ಟಿದ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಲಿಯು ೧೯೭೦ರ ದಶಕದಲ್ಲಿ ತುಮಕೂರು ರಸ್ತೆಯ ಅಂಚಿನ ಪೀಣ್ಯದಲ್ಲಿ ನಿವೇಶನಗಳನ್ನು ಹಂಚಿದಾಗ, ಅವುಗಳನ್ನು ಪಡೆದವರು ಬಹುಮಟ್ಟಿಗೆ ಸಣ್ಣ ಬಂಡವಾಳದವರೇ. ಬಿಡಿಭಾಗ, ಅಚ್ಚು, ಎರಕ, ಸಿದ್ಧ ಉಡುಪು ಮುಂತಾದ ಸಾವಿರಾರು ಘಟಕಗಳು ಕ್ರಮೇಣ ಅಲ್ಲಿ ನೆಲೆಸಿದುವು. ಏಷ್ಯಾ ಖಂಡದ ಅತಿ ವಿಸ್ತಾರವಾದ ಕೈಗಾರಿಕಾ ವಸಾಹತುಗಳಲ್ಲಿ ಅದೊಂದೆಂದು ಹೇಳುವ ವಾಡಿಕೆಯೂ ಬಿದ್ದಿತು. ೨೦೧೪ರಲ್ಲಿ ಬಂದ ಮೆಟ್ರೋ ರೈಲಿನ ನಿಲ್ದಾಣಕ್ಕೆ ಕೂಡ ‘ಪೀಣ್ಯ ಇಂಡಸ್ಟ್ರಿ’ ಎಂದೇ ಹೆಸರಾಯಿತು.

ಈ ಘಟಕಗಳಲ್ಲಿ ಲೋಹಗಳಿಗೆ ಮುಲಾಮು ಕೊಡುವ ಕಸುಬನ್ನು ಪ್ರತ್ಯೇಕವಾಗಿ ವಿಚಾರಮಾಡುವುದು ಅವಶ್ಯಕ. ಉಕ್ಕಿನ ಭಾಗವು ತುಕ್ಕು ಹಿಡಿಯದಂತೆ ಅದನ್ನು ಆಮ್ಲದಲ್ಲಿ ತೊಳೆದು, ಸತು, ನಿಕ್ಕಲ್ ಅಥವಾ ಕ್ರೋಮಿಯಮ್ ಲವಣದ ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ತನ್ನು ಹಾಯಿಸಿ, ಪುನಃ ನೀರಿನಲ್ಲಿ ಜಾಲಿಸುತ್ತಾರೆ. ಜಾಲಿಸಿದ ಆ ನೀರೇ ಅಪಾಯಕ್ಕೆ ಮೂಲ. ಕ್ರೋಮಿಯಮಿಗೆ ಮುಖ್ಯವಾಗಿ ಎರಡು ಅವಸ್ಥೆಗಳುಂಟು. ಷಡ್ವೇಲೆನ್ಸಿಯದು ನೀರಿನಲ್ಲಿ ಸುಲಭವಾಗಿ ಕರಗಿ ಬಹುದೂರ ಸಂಚರಿಸತಕ್ಕ ವಿಷ; ತ್ರಿವೇಲೆನ್ಸಿಯದು ಅಷ್ಟು ಕರಗುವುದಿಲ್ಲ, ಅಷ್ಟು ಕೆಡುಕೂ ಅಲ್ಲ. ಮೊದಲನೆಯದನ್ನು ಗಂಧಕದ ಲವಣಗಳಿಂದ ಎರಡನೆಯದನ್ನಾಗಿ ಪರಿವರ್ತಿಸಿ, ಸುಣ್ಣವನ್ನು ಬೆರೆಸಿದರೆ ಲೋಹವು ಗಸಿಯಾಗಿ ತಳಕ್ಕೆ ಕೂರುತ್ತದೆ. ಉಪಾಯವು ಬಹಳ ಹಿಂದಿನಿಂದಲೂ ತಿಳಿದುದೇ. ಆದರೆ ತೊಟ್ಟಿಗಳಿಗೂ ಗಸಿಗೂ ಸ್ಥಳ ಬೇಕು, ಖರ್ಚು ಬೇಕು. ನಾಲ್ಕೈದು ಆಳುಗಳ ಅಂಗಡಿಗೆ ಅವೆರಡೂ ದುರ್ಲಭ. ಎಲ್ಲರ ಕೊಳೆನೀರನ್ನೂ ಒಂದೆಡೆ ಶುದ್ಧಿಮಾಡುವ ಸಾಮೂಹಿಕ ಸ್ಥಾವರಗಳ ಏರ್ಪಾಟು ಈ ಕಾರಣದಿಂದಲೇ ಹುಟ್ಟಿತು. ಅದು ಬಂದುದಾದರೂ ತಡವಾಗಿ. ಅಷ್ಟರಲ್ಲಿ ವಿಷವು ಬಿರುಕುಬಿಟ್ಟ ನೀಸ್ ಶಿಲೆಯೊಳಕ್ಕೆ ಇಳಿದು, ಪೀಣ್ಯದ ಕೊಳವೆಬಾವಿಗಳಲ್ಲಿ ಕ್ರೋಮಿಯಮ್ ಕಾಣಿಸಿಕೊಂಡಿತು. ಶಿಲೆಯ ಬಿರುಕಿನಲ್ಲಿ ನಿಂತುದನ್ನು ಹೊರತೆಗೆಯುವುದು ಹೊಳೆಯನ್ನು ತೊಳೆಯುವುದಕ್ಕಿಂತಲೂ ಕಷ್ಟ.

ಪೀಣ್ಯದ ಮೇಲ್ನೀರಿನಲ್ಲಿ ಬಹುಭಾಗ ವೃಷಭಾವತಿಯ ಕಣಿವೆಗೆ ಇಳಿಯುತ್ತದೆ. ಅದರೊಡನೆ ನಗರದ ಪಶ್ಚಿಮಾರ್ಧದ ಬಚ್ಚಲನೀರೂ ಕೂಡಿಕೊಂಡಿತು. ಬೇಸಗೆಯಲ್ಲಿ ಬತ್ತುತ್ತಿದ್ದ ತೊರೆಯು ಹೀಗೆ ವರ್ಷವಿಡೀ ತುಂಬಿ ಹರಿಯುವ ಹೊಳೆಯಾಯಿತು! ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿಯ ಬಳಿ, ಕೆಂಗೇರಿಯ ಬಳಿ ಹಾದು, ಬಿಡದಿಯ ಸಮೀಪದ ಬೈರಮಂಗಲ ಕೆರೆಯನ್ನು ಅದು ಸೇರುತ್ತದೆ. ಬೆಳೆಗೆಂದು ಕಟ್ಟಿದ ಆ ಕೆರೆಯ ರೈತರು ಬೇರೆ ನೀರಿಲ್ಲದುದರಿಂದ ನೊರೆಗಟ್ಟಿದ ಇದನ್ನೇ ಹೊಲಕ್ಕೆ ಹಾಯಿಸಬೇಕಾಯಿತು.

ಪೂರ್ವದ ಇಳಿಜಾರಿನ ಕಥೆಯು ಬೇರೆ ತೆರನಾಗಿ ಆರಂಭವಾಯಿತು. ೧೮೮೨ರಲ್ಲಿ ಮೈಸೂರಿನ ಮಹಾರಾಜ ಚಾಮರಾಜೇಂದ್ರ ಒಡೆಯರು ಯುರೇಷಿಯನ್ನರ ಸಂಘಕ್ಕೆ ೩,೯೦೦ ಎಕರೆ ಭೂಮಿಯನ್ನು ದಯಪಾಲಿಸಿದರು, ಡಿ. ಎಸ್. ವೈಟ್ ಎಂಬವರ ಹೆಸರಿನಿಂದ ಅದು ವೈಟ್‌ಫೀಲ್ಡ್ ಆಯಿತು. ಬೇಸಾಯದ ಆ ಗ್ರಾಮವು ನೂರು ವರ್ಷಗಳಿಗೂ ಮೀರಿ ತನ್ನ ಪಾಡಿಗೆ ತಾನಿದ್ದು, ೧೯೯೦ರ ದಶಕದಲ್ಲಿ ಸಿಂಗಪೂರಿನ ಸಹಯೋಗದ ತಂತ್ರಜ್ಞಾನೋದ್ಯಾನದಿಂದ ಗಣಕಯಂತ್ರದ ಉದ್ಯಮಗಳ ನೆಲೆಯಾಯಿತು. ದಕ್ಷಿಣದ ಎಲೆಕ್ಟ್ರಾನಿಕ್ ಸಿಟಿಯನ್ನು ಆರ್. ಕೆ. ಬಾಳಿಗರ ನೇತೃತ್ವದಲ್ಲಿ ಕಿಯೋನಿಕ್ಸ್ ಸಂಸ್ಥೆಯು ಕೋಣಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ ನೆಲದಲ್ಲಿ ೧೯೭೦ರ ದಶಕದ ಅಂತ್ಯದಲ್ಲಿ ಕಲ್ಪಿಸಿದುದು. ಈ ಉದ್ಯಮಗಳು ಹೊಗೆಯನ್ನೂ ಆಮ್ಲವನ್ನೂ ಉಗುಳುವುದಿಲ್ಲವೆಂಬುದು ನಿಜ. ಆದರೆ ಅವುಗಳ ನೌಕರರು ನೆಲೆಸಿದ ಬಡಾವಣೆಗಳ ಬಚ್ಚಲುಗಳು ಬೆಳ್ಳಂದೂರು, ವರ್ತೂರುಗಳ ಕಡೆಗೆ ಹರಿದುವು. ೨೦೧೫ ಮತ್ತು ೨೦೧೭ರಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಹತ್ತಿದ ಸುದ್ದಿಯು ದೇಶದೇಶಗಳಲ್ಲಿ ಹಬ್ಬಿತು. ಯಂತ್ರದ ಕೈಗಾರಿಕೆಯು ಮಲಿನ, ಗಣಕದ ಕೈಗಾರಿಕೆಯು ನಿರ್ಮಲ ಎಂಬ ವಿಭಾಗವು ನೀರಿನ ಮಟ್ಟಿಗೆ ನಿಲ್ಲುವಂತಹುದಲ್ಲ.

ನಗರದ ನೆತ್ತಿಯ ಆ ಏಣು ನ್ಯಾಯಸ್ಥಾನಗಳಲ್ಲಿಯೂ ಚರ್ಚೆಗೆ ಬಂದಿತು. ಬೆಂಗಳೂರಿನ ಮೂರರಲ್ಲಿ ಒಂದು ಪಾಲು ಮಾತ್ರ ಕಾವೇರಿಯ ಜಲಾನಯನದೊಳಗಿದೆಯೆಂದು ಎಣಿಸಿ, ೨೦೦೭ರಲ್ಲಿ ಕಾವೇರಿ ನ್ಯಾಯಾಧಿಕರಣವು ಕುಡಿಯುವ ನೀರಿನ ಲೆಕ್ಕವನ್ನು ಕಟ್ಟಿತ್ತು. ೨೦೧೮ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಆ ಎಣಿಕೆಯನ್ನು ತಳ್ಳಿಹಾಕಿ, ಇಡೀ ನಗರದ ಬಾಯಾರಿಕೆಯನ್ನು ಪರಿಗಣಿಸಿ, ೪.೭೫ ಟಿ.ಎಂ.ಸಿ. ನೀರನ್ನು ಹೆಚ್ಚಾಗಿ ಕೊಟ್ಟಿತು. ೨೦೨೪ರ ಅಕ್ಟೋಬರಿನಲ್ಲಿ ಕಾವೇರಿಯ ಐದನೆಯ ಹಂತವು ಆರಂಭವಾಗಿ, ದಿನಕ್ಕೆ ೭೭.೫ ಕೋಟಿ ಲೀಟರು ನೀರು ನಗರದ ಅಂಚಿನ ಗ್ರಾಮಗಳಿಗೆ ಗೊತ್ತಾಯಿತು.

ಶಿವನಸಮುದ್ರದ ಸಮೀಪದಲ್ಲಿ ಎತ್ತಿದ ಈ ನೀರು ಸುಮಾರು ನೂರು ಕಿಲೋಮೀಟರು ದೂರವನ್ನೂ ಸುಮಾರು ಐನೂರು ಮೀಟರು ಎತ್ತರವನ್ನೂ ಏರಿ ಬಂದು, ಬಳಸಲ್ಪಟ್ಟ ಮೇಲೆ ಏಣಿನ ಇಬ್ಬದಿಗೂ ಹರಿಯುತ್ತದೆ. ಪೂರ್ವಕ್ಕೆ ಹರಿದುದರಲ್ಲಿ ಒಂದು ಭಾಗವನ್ನು ಶುದ್ಧಿಮಾಡಿ ೨೦೧೮ರಿಂದ ಕೋಲಾರದ ಬರಿದಾದ ಕೆರೆಗಳಿಗೆ ತುಂಬಿಸಲಾಗುತ್ತಿದೆ. ಶುದ್ಧಿಯು ಎರಡು ಹಂತಗಳಿಗೆ ನಿಲ್ಲಬಹುದೇ, ಮೂರನೆಯದೂ ಬೇಕೇ ಎಂಬ ವಿವಾದವೂ ಅದರ ಜೊತೆಗೇ ಹುಟ್ಟಿತು. ಪಶ್ಚಿಮಕ್ಕೆ ಹರಿದುದು ಪೀಣ್ಯದ ನೀರನ್ನು ಕೂಡಿಕೊಂಡು, ಬೈರಮಂಗಲವನ್ನು ದಾಟಿ, ಅರ್ಕಾವತಿಯಲ್ಲಿ ಬೆರೆತು, ಕನಕಪುರದ ಆಚೆಯ ಸಂಗಮದಲ್ಲಿ ಪುನಃ ಕಾವೇರಿಯನ್ನೇ ಸೇರುತ್ತದೆ. ಆ ಸಂಗಮವು ನಗರಕ್ಕೆ ನೀರನ್ನು ಎತ್ತುವ ಸ್ಥಳಕ್ಕಿಂತ ಕೆಳಗಿದೆ.