ಮುಂಜಾನೆಯ ಹೊಗೆ ನುಡಿಯುವ ಸಾಕ್ಷ್ಯ

ಕಾಸರಗೋಡಿನ ಗಡಿನಾಡಿನಲ್ಲಿ ಕನ್ನಡ ಮಾಧ್ಯಮದ ಶಾಲೆ ಎಲ್ಲರ ಮನೆಯ ಸಮೀಪದಲ್ಲಿಲ್ಲ. ಗುಡ್ಡದಾಚೆಯ ಮಕ್ಕಳು ಜೀಪು, ವ್ಯಾನು, ಬಸ್ಸುಗಳನ್ನು ನಂಬಿಯೇ ಶಾಲೆ ಸೇರಬೇಕು. ಆದ್ದರಿಂದ ಆ ವಾಹನದ ಸುಸ್ಥಿತಿ ಚಾಲಕನೊಬ್ಬನ ಚಿಂತೆಯಲ್ಲ, ಹೆತ್ತವರದೂ ಹೌದು. ಡೀಸೆಲ್ ಎಂಜಿನು ತನ್ನ ದೋಷವನ್ನು ಬಹುಕಾಲ ಬಚ್ಚಿಡುವುದಿಲ್ಲ. ರಾತ್ರಿಯಿಡೀ ನಿಂತು ಮುಂಜಾನೆ ಚಾಲೂ ಆದ ಮೊದಲ ಕೆಲವು ನಿಮಿಷಗಳಲ್ಲಿ ಹೊಗೆಯ ಬಣ್ಣವೂ ನೆಲಕ್ಕೆ ಬಿದ್ದ ತೊಟ್ಟೂ ಬಹಳಷ್ಟನ್ನು ಹೇಳುತ್ತವೆ.

ಡೀಸೆಲ್ ಎಂಜಿನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಇಲ್ಲ. ಸಿಲಿಂಡರಿನ ಗಾಳಿಯನ್ನು ಪಿಸ್ಟನ್ ಸುಮಾರು 16ರಿಂದ 20ರಲ್ಲಿ ಒಂದು ಪಾಲಿಗೆ ಅದುಮಿದಾಗ ಹುಟ್ಟುವ ಶಾಖದಿಂದಲೇ ಇಂಧನ ಹೊತ್ತಿಕೊಳ್ಳಬೇಕು. ಎಂಜಿನು ತಣ್ಣಗಿದ್ದಾಗ ಆ ಶಾಖ ಸಾಲದೆ ಸ್ವಲ್ಪ ಡೀಸೆಲ್ ಉರಿಯದೆ ಆವಿಯಾಗಿ ಹೊರಬರುತ್ತದೆ. ಕಣ್ಣುರಿಸುವ ಬಿಳಿ ಹೊಗೆ ಅದೇ. ಒಂದೆರಡು ನಿಮಿಷಗಳಲ್ಲಿ ಅದು ಕರಗಿದರೆ ಭಯಪಡಬೇಕಾಗಿಲ್ಲ. ದಿನದಿಂದ ದಿನಕ್ಕೆ ಹೆಚ್ಚು ಹೊತ್ತು ನಿಂತರೆ ಗ್ಲೋ ಪ್ಲಗ್, ಇಂಜೆಕ್ಟರ್ ಅಥವಾ ಸಿಲಿಂಡರಿನ ಒತ್ತಡವನ್ನು ಪರೀಕ್ಷಿಸಬೇಕು. ಎಂಜಿನು ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ, ರೇಡಿಯೇಟರಿನ ನೀರು ಮತ್ತೆ ಮತ್ತೆ ಇಳಿಯುತ್ತಿದ್ದರೆ ಸಿಲಿಂಡರ್ ಹೆಡ್ಡಿನ ಗ್ಯಾಸ್ಕೆಟ್ ಸೋತಿರುವ ಸಂಶಯ ಬಲವಾಗುತ್ತದೆ. ಅಂಥ ವಾಹನ ಮಕ್ಕಳನ್ನು ಹೊತ್ತು ಘಾಟಿ ಏರಬಾರದು.

ನೀಲಿ ಛಾಯೆಯ ಹೊಗೆ ಎಂಜಿನ್ ಆಯಿಲ್ ಉರಿಯುತ್ತಿರುವುದರ ಗುರುತು. ಮುಂಜಾನೆ ಕ್ಷಣಕಾಲ ಕಂಡು ಮಾಯವಾದರೆ ವಾಲ್ವಿನ ಸೀಲ್‌ಗಳು ಸವೆದಿರಬಹುದು. ಸದಾ ಕಂಡರೆ ಪಿಸ್ಟನ್ ರಿಂಗುಗಳನ್ನೋ ಟರ್ಬೋವನ್ನೋ ಶಂಕಿಸಬೇಕು. ಕಪ್ಪು ಹೊಗೆ ಗಾಳಿ ಸಾಲದೆ ಅಥವಾ ಇಂಧನ ಅತಿಯಾಗಿ ಅರೆಬರೆ ಉರಿದುದರ ಫಲ. ದುಬಾರಿ ದುರಸ್ತಿಗೆ ಮುನ್ನ ಏರ್ ಫಿಲ್ಟರನ್ನು ತೆಗೆದು ನೋಡುವುದು ವಿವೇಕ. ಧೂಳಿನ ದಾರಿಯಲ್ಲಿ ಓಡುವ ವಾಹನದ ತೊಂದರೆ ಎಷ್ಟೋ ಸಲ ಅಲ್ಲಿಯೇ ಇರುತ್ತದೆ.

ಇನ್ನು ಸೋರಿಕೆ. ರಾತ್ರಿ ಎಂಜಿನಿನ ಕೆಳಗೆ ಅಗಲವಾದ ರಟ್ಟನ್ನು ಹಾಸಿಡಿ. ಬೆಳಗ್ಗೆ ಅದರ ಮೇಲೆ ಕಂಡದ್ದು ತೆಳುವಾಗಿ ಹರಡಿ ಘಾಟು ವಾಸನೆ ಬೀರಿದರೆ ಡೀಸೆಲ್, ದಪ್ಪಗೆ ಕಪ್ಪಗಿದ್ದರೆ ಆಯಿಲ್, ಹಸಿರು ಅಥವಾ ಗುಲಾಬಿ ಬಣ್ಣದ್ದಾದರೆ ಕೂಲೆಂಟ್. ತೊಟ್ಟು ಬಿದ್ದ ಜಾಗವೇ ಸೋರಿಕೆಯ ಮೂಲವೆಂದು ತೀರ್ಮಾನಿಸಬಾರದು. ಎಂಜಿನ್ ನಿಲ್ಲಿಸಿ, ಆರಿದ ಮೇಲೆ, ಫಿಲ್ಟರ್ ಮತ್ತು ಕೊಳವೆಗಳ ಸಂದುಗಳನ್ನು ಒಣಬಟ್ಟೆಯಿಂದ ಒರೆಸಿ ಮತ್ತೆ ಚಾಲೂ ಮಾಡಿ, ಟಾರ್ಚ್ ಬೆಳಕಿನಲ್ಲಿ ಅತ್ಯಂತ ಮೇಲೆ ಒದ್ದೆಯಾಗುವ ಜಾಗವನ್ನು ಗುರುತಿಸಬೇಕು. ಫಿಲ್ಟರಿನ ತಳದ ತಿರುಪು, ಕೊಳವೆಯ ಸಂದಿನ ತಾಮ್ರದ ವಾಷರ್, ಇಂಜೆಕ್ಟರುಗಳಿಂದ ಮರಳುವ ಸಣ್ಣ ರಬ್ಬರ್ ಕೊಳವೆಗಳು ಸಾಮಾನ್ಯವಾಗಿ ತಪ್ಪಿತಸ್ಥರು.

ಹೊಗೆಗೂ ಸೋರಿಕೆಗೂ ಕೆಲವೊಮ್ಮೆ ಒಂದೇ ಮೂಲ. ಅನೇಕ ಎಂಜಿನುಗಳಲ್ಲಿ ಟ್ಯಾಂಕಿನಿಂದ ಪಂಪಿನವರೆಗಿನ ಕೊಳವೆ ಇಂಧನವನ್ನು ಎಳೆದುಕೊಳ್ಳುವ ಭಾಗ. ಅಲ್ಲಿ ಸಂದು ಸಡಿಲವಾದರೆ ಎಂಜಿನ್ ನಿಂತಾಗ ಡೀಸೆಲ್ ಜಿನುಗುತ್ತದೆ, ಓಡುವಾಗ ಗಾಳಿ ಒಳನುಗ್ಗುತ್ತದೆ. ಮರುದಿನ ಬೆಳಗ್ಗೆ ಎಂಜಿನು ಬಹಳ ಹೊತ್ತು ಸೆಲ್ಫ್ ಹೊಡೆಸಿಕೊಂಡು, ಚಾಲೂ ಆಗಿ, ತಡವರಿಸಿ, ಬಿಳಿ ಹೊಗೆ ಉಗುಳಿ ಆರಿಹೋಗುತ್ತದೆ. ಆಗ ಬ್ಯಾಟರಿಯನ್ನು ದೂಷಿಸಿ ಫಲವಿಲ್ಲ.

ಎರಡು ಎಚ್ಚರಿಕೆಗಳನ್ನು ಮರೆಯಲಾಗದು. ಈಗಿನ ಕಾಮನ್ ರೈಲ್ ಎಂಜಿನುಗಳಲ್ಲಿ ಇಂಧನದ ಒತ್ತಡ 1,600 ಬಾರ್‌ಗಿಂತಲೂ ಹೆಚ್ಚಿರಬಹುದು. ಕಣ್ಣಿಗೆ ಕಾಣದ ಆ ಚಿಮ್ಮು ಚರ್ಮವನ್ನು ಭೇದಿಸಿ ಒಳಸೇರಬಲ್ಲದು. ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಆದ್ದರಿಂದ ಓಡುತ್ತಿರುವ ಎಂಜಿನಿನ ಸೋರಿಕೆಯನ್ನು ಬೆರಳಿನಿಂದ ಹುಡುಕಲೇಬಾರದು. ಎರಡನೆಯದು: ಕಾದ ಸೈಲೆನ್ಸರ್ ಕೊಳವೆ ಅಥವಾ ಟರ್ಬೋದ ಮೇಲೆ ಡೀಸೆಲ್ ಬಿದ್ದರೆ ಬೆಂಕಿ ಹತ್ತಬಹುದು.

‘ಹೊಗೆ ತಪಾಸಣೆಯ ಪ್ರಮಾಣಪತ್ರ ಇದೆಯಲ್ಲ’ ಎಂಬ ಉತ್ತರ ಇಲ್ಲಿ ಸಾಲದು. ಆ ತಪಾಸಣೆ ನಡೆಯುವುದು ಬಿಸಿಯಾದ ಎಂಜಿನಿನ ಮೇಲೆ. ಮುಂಜಾನೆಯ ಬಿಳಿ ಹೊಗೆಯೂ ನೆಲದ ಡೀಸೆಲೂ ಅದರಲ್ಲಿ ದಾಖಲಾಗುವುದಿಲ್ಲ. ಶಾಲೆ ತೆರೆಯುವ ಜೂನ್‌ಗೆ ಮುನ್ನ ಇಲಾಖೆ ನಡೆಸುವ ತಪಾಸಣೆಯೂ ವರ್ಷದ ಉಳಿದ ಬೆಳಗುಗಳನ್ನು ಕಾಯಲಾರದು.

ಮೋಟಾರು ವಾಹನ ಕಾಯ್ದೆ, 1988ರ ಕಲಂ 190 ಈ ಹೊಣೆಯನ್ನು ಸ್ಪಷ್ಟಪಡಿಸುತ್ತದೆ. ಸಾರ್ವಜನಿಕರಿಗೆ ಅಪಾಯ ತರುವ ದೋಷವುಳ್ಳ ವಾಹನವನ್ನು ಓಡಿಸಿದವರು ಮಾತ್ರವಲ್ಲ, ಓಡಿಸಲು ಬಿಟ್ಟವರೂ ಹೊಣೆಗಾರರು. ದೋಷ ಗೊತ್ತಿದ್ದರೆ ಮಾತ್ರ ತಪ್ಪು ಎಂದಿಲ್ಲ. ಸಾಮಾನ್ಯ ಎಚ್ಚರಿಕೆಯಿಂದ ಗೊತ್ತುಮಾಡಿಕೊಳ್ಳಬಹುದಾಗಿದ್ದರೂ ಸಾಕು. ದಂಡ 1,500 ರೂಪಾಯಿವರೆಗೆ. ಅದರಿಂದ ಅಪಘಾತವಾಗಿ ಯಾರಿಗಾದರೂ ಗಾಯವಾದರೆ ಮೂರು ತಿಂಗಳವರೆಗಿನ ಸೆರೆವಾಸ, 5,000 ರೂಪಾಯಿವರೆಗಿನ ದಂಡ ಅಥವಾ ಎರಡೂ. ವಾಯುಮಾಲಿನ್ಯದ ಮಿತಿ ಮೀರಿದ ವಾಹನಕ್ಕೆ ಮೊದಲ ಅಪರಾಧದಲ್ಲೇ 10,000 ರೂಪಾಯಿವರೆಗೆ ದಂಡ ವಿಧಿಸಬಹುದು.

ರಕ್ಷಕ-ಶಿಕ್ಷಕ ಸಂಘದ ಮುಂದಿನ ಸಭೆಯಲ್ಲಿ ಒಂದು ಬೇಡಿಕೆ ಇಡಬಹುದು. ಪ್ರತಿ ಶಾಲಾ ವಾಹನದಲ್ಲಿ ಒಂದು ನೋಟುಪುಸ್ತಕವಿರಲಿ. ದಿನಾಂಕ, ಮುಂಜಾನೆಯ ಹೊಗೆಯ ಬಣ್ಣ, ಅದು ನಿಂತ ಅವಧಿ, ನೆಲದ ತೊಟ್ಟು, ಮಾಡಿಸಿದ ದುರಸ್ತಿ ಇವಿಷ್ಟನ್ನು ಚಾಲಕರು ಕನ್ನಡದಲ್ಲೇ ಬರೆಯಲಿ. ಮೆಕ್ಯಾನಿಕ್‌ಗೆ ಅದು ರೋಗದ ಇತಿಹಾಸ. ಚಾಲಕರಿಗೂ ಶಾಲೆಗೂ ತಾವು ಎಚ್ಚರ ವಹಿಸಿದ್ದೆವೆಂಬುದಕ್ಕೆ ಲಿಖಿತ ಪುರಾವೆ. ಬರೆಯಲು ಬೇಕಾದದ್ದು ದಿನಕ್ಕೆ ಎರಡು ನಿಮಿಷ.