ಬಿಲೀನಾ ಎಂಬ ಹಳದಿ ಹೇಂಟೆ

ಓಜ್ ಎಂಬ ಮಾಯಾನಾಡಿನ ಹೆಸರನ್ನು ನಿಮ್ಮ ಮನೆಯ ಮಕ್ಕಳ ಬಾಯಲ್ಲಿ ಕೇಳಿರಬಹುದು. ಅಮೆರಿಕದ ಕಾನ್ಸಾಸ್ ಪ್ರಾಂತದ ರೈತರ ಮನೆಯ ಹುಡುಗಿ ಡೊರೊಥಿ ಸುಂಟರಗಾಳಿಗೆ ಸಿಕ್ಕಿ ಆ ನಾಡಿಗೆ ಹೋಗಿ ಬೀಳುತ್ತಾಳೆ. ಜೊತೆಗೆ ಅವಳ ನಾಯಿ ಟೋಟೋ. ಎಲ್. ಫ್ರಾಂಕ್ ಬಾಮ್ ಎಂಬುವರು 1900ರಲ್ಲಿ ಇದನ್ನು ಬರೆದರು. 1939ರ ಸಿನಿಮಾದಿಂದ ಆ ನಾಯಿ ಜಗತ್ತಿಗೆಲ್ಲ ಪರಿಚಯವಾಯಿತು. ನಾನು ಹೇಳಹೊರಟಿರುವುದು ನಾಯಿಯ ವಿಷಯವಲ್ಲ. ಅದೇ ಮಾಲೆಯ ಮೂರನೆಯ ಪುಸ್ತಕ, 1907ರ 'ಓಜ್ಮಾ ಆಫ್ ಓಜ್'ನಲ್ಲಿ ಬರುವ ಒಂದು ಹೇಂಟೆಯ ವಿಷಯ. ರಾಣಿ, ಸೈನ್ಯ, ಮಂತ್ರದ ಬೆಲ್ಟು ಎಲ್ಲ ಇರುವ ಆ ಕಥೆಯಲ್ಲಿ ಕಡೆಗೆ ಕೆಲಸ ಸಾಧಿಸಿದ್ದು ಈ ಕೋಳಿ. ಸಿನಿಮಾದವರು ಅದರ ಖಾತೆಗೆ ಸಲ್ಲಬೇಕಾದ್ದನ್ನು ಪೂರ್ತಿ ಜಮಾ ಮಾಡಲಿಲ್ಲ ಎಂಬುದು ನನ್ನ ತಕರಾರು.

ಬಾಮ್ ಅವರಿಗೆ ಕೋಳಿಯೇ ಏಕೆ ಹೊಳೆಯಿತು? ಅವರು ಕಥೆಗಾರರಾಗುವ ಮೊದಲು ಕೋಳಿ ಸಾಕಿದವರು. 1880ರಲ್ಲಿ ಕೋಳಿಸಾಕಣೆಗೆಂದೇ ಒಂದು ಮಾಸಪತ್ರಿಕೆ ಪ್ರಾರಂಭಿಸಿದರು. 1886ರಲ್ಲಿ ಹೊರಬಂದ ಅವರ ಮೊದಲ ಪುಸ್ತಕ ಮಕ್ಕಳದ್ದಲ್ಲ, ಹ್ಯಾಂಬರ್ಗ್ ಜಾತಿಯ ಕೋಳಿಗಳನ್ನು ಕುರಿತದ್ದು. ನಾನು ಬ್ಯಾಂಕಿನಲ್ಲಿ ಕೋಳಿಸಾಕಣೆ ಸಾಲದ ಅರ್ಜಿಗಳನ್ನು ಬಹಳ ನೋಡಿದ್ದೇನೆ. ಅದರಲ್ಲಿ ಕೋಳಿ ಎಂದರೆ ಒಂದು ಸಂಖ್ಯೆ, ಅದರ ಸ್ವಭಾವ ಬರೆಯಲು ಕಾಲಂ ಇರುವುದಿಲ್ಲ. ಬಾಮ್ ಬರೆದದ್ದು ಸ್ವಭಾವವನ್ನೇ.

ಡೊರೊಥಿ ಹಡಗಿನಲ್ಲಿ ಆಸ್ಟ್ರೇಲಿಯಾಕ್ಕೆ ಹೊರಟಿರುವಾಗ ಬಿರುಗಾಳಿ ಬೀಸುತ್ತದೆ. ಕೋಳಿಗೂಡಿನ ಸಮೇತ ಅವಳು ಸಮುದ್ರದ ಪಾಲಾಗುತ್ತಾಳೆ. ಬೆಳಗಾದರೆ ಗೂಡಿನಲ್ಲಿ ಹಳದಿ ಹೇಂಟೆಯೊಂದು ಕುಳಿತಿದೆ, ಮಾತಾಡುತ್ತಿದೆ! ಹುಡುಗಿಗೆ ಆಶ್ಚರ್ಯ. ಹೇಂಟೆಗೂ ಆಶ್ಚರ್ಯವೇ. ಹುಟ್ಟಿದಂದಿನಿಂದ ಕೊಕ್ಕರಿಸಿದ್ದೇ ಹೊರತು ಮಾತಾಡಿದ್ದಿಲ್ಲ, ಈಗ ನೀನು ಕೇಳಿದೆ, ಉತ್ತರ ತಾನಾಗಿ ಬಂತು ಎನ್ನುತ್ತದೆ. ಕೂಡಲೇ ತನ್ನ ವ್ಯಾಕರಣ ಹೇಗಿದೆ ಎಂದು ವಿಚಾರಿಸುತ್ತದೆ. ಮನೆಯಲ್ಲಿ ಕನ್ನಡ, ಅಕ್ಕಲಕೋಟೆ ಪೇಟೆಯಲ್ಲಿ ಮರಾಠಿ ಆಡುವ ನಮ್ಮಂಥವರಿಗೆ ಇದರಲ್ಲಿ ನಗುವಿಗಿಂತ ಹೆಚ್ಚಿನದು ಕಾಣುತ್ತದೆ. ಹೊಸ ಸೀಮೆಗೆ ಕಾಲಿಟ್ಟವರಿಗೆ ಮೊದಲು ಹುಟ್ಟುವ ಅಳುಕು ಅದೇ ಅಲ್ಲವೇ?

ಅದರ ಹೆಸರು ಬಿಲ್. ಮರಿಯಾಗಿದ್ದಾಗ ಹುಂಜವೋ ಹೇಂಟೆಯೋ ತಿಳಿಯದೆ ಇಟ್ಟ ಗಂಡು ಹೆಸರು. ಡೊರೊಥಿ ಅದನ್ನು ತಿದ್ದಿ ಬಿಲೀನಾ ಎಂದಳು, ನಮ್ಮಲ್ಲಿ ಮಲ್ಲಪ್ಪನನ್ನು ಮಲ್ಲವ್ವ ಮಾಡಿದ ಹಾಗೆ. ಹುಳ ತಿನ್ನುತ್ತೀಯಲ್ಲ ಎಂದು ಹುಡುಗಿ ಹೇಸಿಕೊಂಡರೆ, ನೀವು ಸತ್ತ ಪ್ರಾಣಿಗಳನ್ನು ತಿನ್ನುವುದಿಲ್ಲವೇ ಎಂದು ಹೇಂಟೆ ತಿರುಗಿ ಕೇಳುತ್ತದೆ. ಯಾರ ಹಂಗಿನಲ್ಲೂ ಬಾಳುವ ಪ್ರಾಣಿ ಅದಲ್ಲ.

ಇನ್ನು ಮುಖ್ಯ ಸಂಗತಿಗೆ ಬರೋಣ. ಭೂಮಿಯ ಒಳಗಿರುವ ನೋಮ್ ಎಂಬ ಜನರ ರಾಜ, ಇವ್ ದೇಶದ ರಾಣಿಯನ್ನೂ ಅವಳ ಹತ್ತು ಮಕ್ಕಳನ್ನೂ ತನ್ನ ಅರಮನೆಯ ಅಲಂಕಾರದ ಗೊಂಬೆಗಳನ್ನಾಗಿ ಮಾಡಿಟ್ಟಿದ್ದಾನೆ. ಬಿಡಿಸಲು ಬಂದವರಿಗೆ ಅವನ ಷರತ್ತು ಒಂದೇ: ಸಾವಿರಾರು ವಸ್ತುಗಳ ನಡುವೆ ಸರಿಯಾದದ್ದನ್ನು ಊಹಿಸಿ ಮುಟ್ಟಬೇಕು, ತಪ್ಪಿದರೆ ತಾವೂ ಗೊಂಬೆ. ಓಜ್ ನಾಡಿನ ಅರಸಿ ಓಜ್ಮಾ ತಪ್ಪಿದಳು, ಅವಳ ಅಧಿಕಾರಿಗಳೂ ತಪ್ಪಿದರು. ಡೊರೊಥಿ ಮಾತ್ರ ಅದೃಷ್ಟದಿಂದ ಒಬ್ಬ ರಾಜಕುಮಾರನನ್ನು ಬಿಡಿಸಿದಳು.

ಬಿಲೀನಾ ಆಗ ಎಲ್ಲಿದ್ದಳು? ಸಿಂಹಾಸನದ ಕೆಳಗೆ. ಕೋಳಿ ಸಾಕಿದವರಿಗೆ ಇದು ಗೊತ್ತು: ಮೊಟ್ಟೆ ಇಡುವ ಹೇಂಟೆ ಕತ್ತಲ ಮೂಲೆ ಹುಡುಕುತ್ತದೆ, ನಾವು ಮಾಡಿಕೊಟ್ಟ ಬುಟ್ಟಿ ಬಿಟ್ಟು ಕಣಜದ ಸಂದಿಗೆ ಹೋಗುತ್ತದೆ. ಆ ಸಂದಿಯಲ್ಲಿ ಕುಳಿತ ಬಿಲೀನಾ, ರಾಜ ತನ್ನ ಮುಖ್ಯ ಸೇವಕನೊಡನೆ ಆಡಿದ ಗುಟ್ಟು ಕೇಳಿಸಿಕೊಂಡಳು. ಇವ್ ರಾಜಮನೆತನದವರೆಲ್ಲ ನೇರಳೆ ಬಣ್ಣದ ಗೊಂಬೆಗಳು, ಓಜ್‌ನಿಂದ ಬಂದವರು ಹಸಿರು. ಆಮೇಲೆ ಮೊಟ್ಟೆ ಇಟ್ಟು ಕೂಗಿದಳು. ಮೊಟ್ಟೆ ಎಂದರೆ ನೋಮರಿಗೆ ವಿಷ, ರಾಜ ನಡುಗಿಹೋದ. ನನಗೂ ಊಹಿಸಲು ಅವಕಾಶ ಕೊಡು ಎಂದು ಹಟ ಹಿಡಿದು ಒಳಹೊಕ್ಕ ಹೇಂಟೆ ಬಣ್ಣ ನೋಡಿ ಒಬ್ಬೊಬ್ಬರನ್ನೇ ಬಿಡಿಸುತ್ತಾ ಬಂತು. ರಾಜ ಮಾತಿಗೆ ತಪ್ಪಿ ಎರಗಿದಾಗ ಬೆದರುಬೊಂಬೆ ಅವನ ಮುಖಕ್ಕೆಸೆದದ್ದೂ ಇವಳ ಮೊಟ್ಟೆಯೇ.

ರೂಪಾಂತರಗಳಲ್ಲಿ ಏನಾಯಿತು ನೋಡಿ. 1913ರಲ್ಲಿ ಬಾಮ್ ಈ ಕಥೆಯನ್ನು ಆಧರಿಸಿ 'ಟಿಕ್-ಟಾಕ್ ಮ್ಯಾನ್ ಆಫ್ ಓಜ್' ಎಂಬ ಸಂಗೀತ ನಾಟಕ ಕಟ್ಟಿದರು. ಅದರಲ್ಲಿ ಹುಡುಗಿ ಬೇರೆ, ಕೋಳಿಯ ಜಾಗಕ್ಕೆ ಹ್ಯಾಂಕ್ ಎಂಬ ಹೇಸರಗತ್ತೆ ಬಂತು. ಹೇಸರಗತ್ತೆಯ ತೊಗಲೊಳಗೆ ಮನುಷ್ಯ ಹೊಕ್ಕು ಕುಣಿಯಬಹುದು, ಕೋಳಿಯೊಳಗೆ ಹೇಗೆ ಹೊಕ್ಕಾನು!

1985ರಲ್ಲಿ ಡಿಸ್ನಿ ಕಂಪನಿ 'ರಿಟರ್ನ್ ಟು ಓಜ್' ಚಿತ್ರ ತೆಗೆಯಿತು. ನಿರ್ದೇಶಕರು ವಾಲ್ಟರ್ ಮರ್ಚ್, ಬಿಲೀನಾಳ ಧ್ವನಿ ಡೆನಿಸ್ ಬ್ರಯರ್ ಅವರದು. ಟೋಟೋ ಕಾನ್ಸಾಸ್‌ನಲ್ಲಿ ಉಳಿಯುತ್ತದೆ, ಕೋಳಿ ಹೋಗುತ್ತದೆ. ಇಲ್ಲಿ ಬಿಲೀನಾ ಡೊರೊಥಿಯ ಮನೆಯದೇ ಕೋಳಿ, ಮೊಟ್ಟೆ ನಿಲ್ಲಿಸಿದ್ದಕ್ಕೆ ಸಾರಿನ ಪಾತ್ರೆ ಸೇರುವ ಭಯ ಅವಳ ಮೇಲೆ ತೂಗುತ್ತಿದೆ. ಹಸಿರು ಬಣ್ಣದ ಗುಟ್ಟನ್ನು ಅರಿಯುವವಳು ಮಾತ್ರ ಡೊರೊಥಿ. ಹೇಂಟೆ ಕುಂಬಳಕಾಯಿ ತಲೆಯ ಗೊಂಬೆಯ ತಲೆಯೊಳಗೆ ಅಡಗಿರುತ್ತದೆ. ರಾಜ ಆ ಗೊಂಬೆಯನ್ನು ನುಂಗಲು ಎತ್ತಿದಾಗ ಮೊಟ್ಟೆ ಜಾರಿ ಅವನ ಬಾಯಿಗೆ ಬೀಳುತ್ತದೆ, ಅವನ ಕಥೆ ಮುಗಿಯುತ್ತದೆ. ತೆರೆಯ ಮೇಲೆ ನೋಡಲು ಚೆನ್ನಾಗಿಯೇ ಇದೆ. ಮೊಟ್ಟೆ ಇಡದವಳು ಸರಿಯಾದ ಗಳಿಗೆಯಲ್ಲಿ ಇಟ್ಟಳು ಎಂಬ ಸಮಾಧಾನವೂ ಉಂಟು. ಆದರೆ ಪುಸ್ತಕದ ಹೇಂಟೆ ಗೆದ್ದದ್ದು ಕಿವಿಯಿಂದ ಮತ್ತು ಹಟದಿಂದ, ಸಿನಿಮಾದ ಹೇಂಟೆ ಗೆದ್ದದ್ದು ಹೊಟ್ಟೆಯಿಂದ. ಮಕ್ಕಳಿಗೆ ಸಿನಿಮಾ ತೋರಿಸುವವರು ಸಿಂಹಾಸನದ ಕೆಳಗಿನ ಭಾಗವನ್ನು ಬಾಯಲ್ಲಿ ಹೇಳಿ ತೋರಿಸಿ ಎಂದು ನನ್ನ ಕೋರಿಕೆ.

ಪುಸ್ತಕದಲ್ಲೂ ಸಿನಿಮಾದಲ್ಲೂ ಬಿಲೀನಾ ಊರಿಗೆ ಮರಳಲಿಲ್ಲ, ಓಜ್‌ನಲ್ಲೇ ನಿಂತಳು. ಮುಂದಿನ ಪುಸ್ತಕಗಳಲ್ಲಿ ಅವಳ ಸಂಸಾರ ಬೆಳೆಯುತ್ತದೆ. ಮರಿಗಳಿಗೆಲ್ಲ ಡೊರೊಥಿ ಎಂದೇ ಹೆಸರಿಟ್ಟಳಂತೆ. ಅವುಗಳಲ್ಲಿ ಎರಡು ಹುಂಜಗಳಾಗಿಬಿಟ್ಟವು. ಅವುಗಳ ಹೆಸರನ್ನು ಡೇನಿಯಲ್ ಎಂದು ಬದಲಾಯಿಸಬೇಕಾಯಿತು.