ಹದಿನಾರರ ಲೆಕ್ಕ: ಶಿರಹಟ್ಟಿ ಸೀಮೆಯ ಜನಜೀವನದಲ್ಲಿ ಒಂದು ಸಂಖ್ಯೆ

ಜನಪದ ಸಂಸ್ಕೃತಿಯ ಅಧ್ಯಯನದಲ್ಲಿ ಹಾಡು, ಕಥೆ, ಗಾದೆ, ಆಚರಣೆಗಳಿಗೆ ದೊರೆತಷ್ಟು ಗಮನ ಲೆಕ್ಕಕ್ಕೆ ದೊರೆತಿಲ್ಲ. ಓದುಬರಹ ಬಾರದವರೂ ಕಣದಲ್ಲಿ ರಾಶಿ ಹಂಚಿದ್ದಾರೆ, ಹೊಲ ಪಾಲು ಮಾಡಿಕೊಂಡಿದ್ದಾರೆ, ಸಂತೆಯಲ್ಲಿ ಚಿಲ್ಲರೆ ಎಣಿಸಿ ಪಡೆದಿದ್ದಾರೆ. ಈ ವ್ಯವಹಾರಗಳ ಹಿಂದೆ ಒಂದು ಗಟ್ಟಿಯಾದ ಗಣಿತವಿದೆ. ಅದರ ಕೇಂದ್ರದಲ್ಲಿರುವ ಸಂಖ್ಯೆ ಹದಿನಾರು. ಮಾತನ್ನು ಪೂರ್ಣವಾಗಿ ಒಪ್ಪಿಕೊಳ್ಳುವಾಗ ಇಂದಿಗೂ ‘ಹದಿನಾರಾಣೆ ಖರೆ’ ಎನ್ನುವುದುಂಟು. ಆಣೆ ಹೋಗಿ ಆರು ದಶಕಗಳಾದರೂ ಪೂರ್ಣತೆಯ ಅಳತೆಗೋಲಾಗಿ ಆ ಸಂಖ್ಯೆ ಉಳಿದುಕೊಂಡಿರುವುದು ವಿಚಾರಾರ್ಹವಾಗಿದೆ.

ಗದಗ ಜಿಲ್ಲೆಯ ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ ಭಾಗ ಬಹುಮಟ್ಟಿಗೆ ಮಳೆಯನ್ನೇ ನೆಚ್ಚಿದ ಸೀಮೆ. ಜೋಳ, ಹತ್ತಿ, ಶೇಂಗಾ, ಮೆಣಸಿನಕಾಯಿ ಇಲ್ಲಿಯ ಬೆಳೆಗಳು. ಲಕ್ಷ್ಮೇಶ್ವರವು ಶಾಸನಗಳಲ್ಲಿ ಪುಲಿಗೆರೆ. ಅದರ ಸುತ್ತಲಿನ ನಾಡು ‘ಪುಲಿಗೆರೆ-300’. ನಾಡಿನ ಹೆಸರಿಗೇ ಸಂಖ್ಯೆಯನ್ನು ಸೇರಿಸಿ ಹೇಳುವ ಪರಂಪರೆ ಇಲ್ಲಿ ಸಾವಿರ ವರ್ಷಗಳಿಗೂ ಹಿಂದಿನದು. ಸ್ವಾತಂತ್ರ್ಯಪೂರ್ವದಲ್ಲಿ ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೂ, ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೂ, ಗದಗ-ಬೆಟಗೇರಿ ಬ್ರಿಟಿಷರ ಧಾರವಾಡ ಜಿಲ್ಲೆಗೂ ಸೇರಿದ್ದವು. ಶಿರಹಟ್ಟಿಯ ರೈತ ಹತ್ತಿಯ ಗಾಡಿ ಹೂಡಿಕೊಂಡು ಗದಗಿನ ಪೇಟೆಗೆ ಹೋಗುವಷ್ಟರಲ್ಲಿ ಆಳ್ವಿಕೆ ಬದಲಾಗುತ್ತಿತ್ತು. ಆದರೆ ರೂಪಾಯಿಗೆ ಹದಿನಾರು ಆಣೆ, ಸೇರಿಗೆ ಹದಿನಾರು ಚಟಾಕು ಎಂಬ ಲೆಕ್ಕ ಬದಲಾಗುತ್ತಿರಲಿಲ್ಲ.

ಹದಿನಾರೇ ಏಕೆ ಎಂಬ ಪ್ರಶ್ನೆಗೆ ಉತ್ತರ ಆ ಸಂಖ್ಯೆಯ ರಚನೆಯಲ್ಲಿಯೇ ಇದೆ. ಹದಿನಾರನ್ನು ಅರ್ಧಿಸಿದರೆ ಎಂಟು, ಮತ್ತೆ ಅರ್ಧಿಸಿದರೆ ನಾಲ್ಕು, ಎರಡು, ಒಂದು. ನಾಲ್ಕು ಸಲ ಅರ್ಧಿಸಿದರೂ ಎಲ್ಲಿಯೂ ಮುರುಕು ಉಳಿಯುವುದಿಲ್ಲ. ಹತ್ತನ್ನು ಒಮ್ಮೆ ಅರ್ಧಿಸಿದರೆ ಐದು. ಅಲ್ಲಿಗೆ ದಾರಿ ಮುಗಿಯಿತು. ಅರ್ಧಿಸುವುದು ಮನುಷ್ಯ ಬಲ್ಲ ಅತ್ಯಂತ ಸುಲಭವಾದ ಅಳತೆ. ಹಗ್ಗವನ್ನು ಮಡಚಿದರೆ ಅರ್ಧ ಸಿಗುತ್ತದೆ. ತಕ್ಕಡಿಯ ಎರಡು ಪರಡಿಗಳಿಗೆ ಕಾಳು ಸುರಿದು ಸಮ ಮಾಡಿದರೆ ತೂಕದ ಕಲ್ಲೇ ಇಲ್ಲದೆ ಅರ್ಧ ಸಿಗುತ್ತದೆ. ಕನ್ನಡದ ಭಿನ್ನರಾಶಿಗಳ ಹೆಸರುಗಳು ಇದೇ ಕ್ರಮವನ್ನು ಅನುಸರಿಸುತ್ತವೆ: ಅರೆ, ಕಾಲು, ಅರೆಕಾಲು, ವೀಸ. ವೀಸವೆಂದರೆ ಹದಿನಾರನೆಯ ಒಂದು ಭಾಗ. ಶಾಸನಗಳ ಕಾಲದಿಂದ ಬಳಕೆಯಲ್ಲಿರುವ ಈ ಪದ ಆಣೆಗಿಂತ ಎಷ್ಟೋ ಹಳೆಯದು. ಆದುದರಿಂದ ಹದಿನಾರರ ಲೆಕ್ಕವನ್ನು ಬ್ರಿಟಿಷರು ತಂದರೆನ್ನುವುದು ಸರಿಯಾಗದು.

ತೂಕದಲ್ಲಿ ಈ ಗುಣ ಇನ್ನೂ ಸ್ಪಷ್ಟವಾಗುತ್ತದೆ. ಚಟಾಕು ಒಂದು, ಅದಪಾವು ಎರಡು, ಪಾವು ನಾಲ್ಕು, ಅಚ್ಚೇರು ಎಂಟು, ಸೇರು ಹದಿನಾರು. ಪ್ರತಿಯೊಂದು ಕಲ್ಲೂ ಹಿಂದಿನದರ ಇಮ್ಮಡಿ. ಮೊದಲ ನಾಲ್ಕು ಕಲ್ಲುಗಳಿದ್ದರೆ ಒಂದರಿಂದ ಹದಿನೈದು ಚಟಾಕಿನವರೆಗಿನ ಯಾವ ತೂಕವನ್ನಾದರೂ ತೂಗಬಹುದು. ಹದಿಮೂರು ಚಟಾಕಿಗೆ ಅಚ್ಚೇರು, ಪಾವು, ಚಟಾಕು. ಹನ್ನೊಂದಕ್ಕೆ ಅಚ್ಚೇರು, ಅದಪಾವು, ಚಟಾಕು. ಪ್ರತಿ ತೂಕಕ್ಕೂ ಒಂದೇ ಜೋಡಣೆ, ಯಾವ ಕಲ್ಲೂ ಎರಡು ಬೇಕಾಗುವುದಿಲ್ಲ. ಗಣಕಯಂತ್ರಗಳು ಇಂದು ನಂಬಿರುವುದು ಇಮ್ಮಡಿಯ ಈ ತತ್ತ್ವವನ್ನೇ. ಕನ್ನಡ ಲಿಪಿಗೆ ಯೂನಿಕೋಡಿನಲ್ಲಿ ಮೀಸಲಾದ 128 ಸ್ಥಾನಗಳೂ ಹದಿನಾರರ ಎಂಟು ಸಾಲುಗಳಾಗಿವೆ. ಕಿರಾಣಿ ಅಂಗಡಿಯವನು ಸಿದ್ಧಾಂತವನ್ನು ಅರಿಯದೆಯೇ ಅದನ್ನು ತಕ್ಕಡಿಯಲ್ಲಿ ನಡೆಸುತ್ತಿದ್ದನು.

ಹದಿನಾರಕ್ಕೆ ಬೇರೆ ವೈಶಿಷ್ಟ್ಯಗಳೂ ಇವೆ. ಎರಡನ್ನು ನಾಲ್ಕು ಸಲ ಗುಣಿಸಿದರೂ ನಾಲ್ಕನ್ನು ಎರಡು ಸಲ ಗುಣಿಸಿದರೂ ಹದಿನಾರೇ ಬರುತ್ತದೆ. ಹೀಗೆ ಅದಲುಬದಲಾಗಬಲ್ಲ ಬೇರೆ ಬೇರೆ ಪೂರ್ಣಸಂಖ್ಯೆಗಳ ಜೋಡಿ ಇದೊಂದೇ. ನಾಲ್ಕು ಮಾರು ಬಾಹುವಿನ ಚೌಕದ ಸುತ್ತಳತೆ ಹದಿನಾರು ಮಾರು, ಅದರ ಕ್ಷೇತ್ರಫಲ ಹದಿನಾರು ಚದರ ಮಾರು. ಬೇರಾವ ಚೌಕದಲ್ಲಿಯೂ ಈ ಎರಡು ಸಂಖ್ಯೆಗಳು ಒಂದಾಗುವುದಿಲ್ಲ. ಒಂದು, ಮೂರು, ಐದು, ಏಳು ಎಂಬ ಮೊದಲ ನಾಲ್ಕು ಬೆಸಸಂಖ್ಯೆಗಳ ಮೊತ್ತವೂ ಹದಿನಾರು. ಏಳು ಚುಕ್ಕಿಯಿಂದ ಆರಂಭಿಸಿ ಐದು, ಮೂರು, ಒಂದಕ್ಕೆ ಇಳಿಸುವ ರಂಗೋಲಿಯಲ್ಲಿ ಇರುವ ಚುಕ್ಕಿಗಳು ಹದಿನಾರು. ನಾಲ್ಕು ಸಾಲಿಗೆ ನಾಲ್ಕರಂತೆ ಇಡುವ ರಂಗೋಲಿಯಲ್ಲಿಯೂ ಅಷ್ಟೇ.

ಭೂಮಿಯ ಅಳತೆಯಲ್ಲಿ ಆಣೆ ಇಂದಿಗೂ ಜೀವಂತವಾಗಿದೆ. ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ. ಗುಂಟೆಯೆಂದರೆ 33 ಅಡಿ ಉದ್ದ, 33 ಅಡಿ ಅಗಲದ ಚೌಕ, ಅಂದರೆ 1089 ಚದರ ಅಡಿ. 33 ಅಡಿಯ ಹಗ್ಗವನ್ನು ಎರಡು ಸಲ ಮಡಚಿದರೆ ಎಂಟೂಕಾಲು ಅಡಿ ಬರುತ್ತದೆ. ಆ ಅಳತೆಯ ಚೌಕವೇ ಒಂದು ಆಣೆ ನೆಲ; ನಾಲ್ಕು ಸಾಲಿಗೆ ನಾಲ್ಕರಂತೆ ಅಂಥ ಹದಿನಾರು ಚೌಕ ಸೇರಿದರೆ ಒಂದು ಗುಂಟೆ. ನಾಣ್ಯದ ಆಣೆ ರದ್ದಾದರೂ ಪಹಣಿಯಲ್ಲಿ ಎಕರೆ, ಗುಂಟೆ, ಆಣೆಗಳ ದಾಖಲೆ ಮುಂದುವರಿದಿರುವುದನ್ನು ಇಲ್ಲಿ ಗಮನಿಸಬೇಕು.

ಆದರೆ ಹದಿನಾರರ ಶಕ್ತಿಯೇ ಅದರ ಮಿತಿಯೂ ಹೌದು. ಇಬ್ಬರು, ನಾಲ್ವರು, ಎಂಟು ಮಂದಿ ಪಾಲುದಾರರಿದ್ದರೆ ಲೆಕ್ಕ ಸರಾಗ. ಮೂವರಿದ್ದರೆ? ಹಣದಲ್ಲಿ ಇದಕ್ಕೆ ಪರಿಹಾರವಿತ್ತು. ಆಣೆಗೆ ಹನ್ನೆರಡು ಪೈ, ರೂಪಾಯಿಗೆ 192 ಪೈ. ಮೂರರಿಂದ ಭಾಗಿಸಿದರೆ ಒಬ್ಬೊಬ್ಬರಿಗೆ 64 ಪೈ, ಅಂದರೆ ಐದಾಣೆ ನಾಲ್ಕು ಪೈ. ಹದಿನಾರಕ್ಕೆ ಇಲ್ಲದ ಮೂರರ ಗುಣವನ್ನು ಪೈ ತಂದುಕೊಟ್ಟಿತ್ತು. ಐವರು ಪಾಲುದಾರರಿಗೆ ಮಾತ್ರ ಅದು ಒದಗದು. ನೆಲದಲ್ಲಿ ಇದು ತಿರುಗುಮುರುಗಾಗುತ್ತದೆ. ಎಕರೆಗೆ 640 ಆಣೆ. ಐವರಿಗೆ ಎಂಟೆಂಟು ಗುಂಟೆ ಸಮನಾಗಿ ಬರುತ್ತದೆ, ಮೂವರಿಗೆ ಹದಿಮೂರು ಗುಂಟೆ ಐದಾಣೆಯ ಮೇಲೆ ಆಣೆಯ ಮೂರನೆಯ ಒಂದು ಭಾಗ ಉಳಿಯುತ್ತದೆ.

ಇದು ಕೇವಲ ಅಂಕಿಗಳ ಆಟವಲ್ಲ. ಕರ್ನಾಟಕದಲ್ಲಿ 1994ರಲ್ಲಿ ಜಾರಿಗೆ ಬಂದ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಹಾಗೂ 2005ರ ಕೇಂದ್ರ ತಿದ್ದುಪಡಿಗಳು ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಸಮಪಾಲನ್ನು ನೀಡಿದವು. ‘ಎಂಟಾಣೆ ಅಣ್ಣಗ, ಎಂಟಾಣೆ ತಮ್ಮಗ’ ಎಂದು ಪಂಚರು ಮಾಡುವ ಪಾಲಿನಲ್ಲಿ ಅಕ್ಕನಿಗೆ ಆಣೆಯೇ ಇರುವುದಿಲ್ಲ. ಅವಳನ್ನೂ ಸೇರಿಸಿದಾಗ ಅರ್ಧಿಸುವ ರೂಢಿ ಸಾಲದಾಗುತ್ತದೆ. ಲೆಕ್ಕ ತೊಡಕಾಯಿತೆಂಬುದು ಅವಳ ಪಾಲನ್ನು ಕೈಬಿಡಲು ಕಾರಣವಾಗಲಾರದು. ಪೈಯ ಲೆಕ್ಕ ಬಲ್ಲ ಸಮಾಜಕ್ಕೆ ಮೂರು ಪಾಲು ಅಪರಿಚಿತವೂ ಅಲ್ಲ.

ಹದಿನಾರರ ಲೆಕ್ಕ ರೈತನ ಬದುಕನ್ನು ಬಿಗಿಯಾಗಿ ಹಿಡಿದ ಇನ್ನೊಂದು ಸಂದರ್ಭ ಬೆಳೆಯ ಆಣೆವಾರಿ. ಪೂರ್ಣ ಬೆಳೆಯನ್ನು ಹದಿನಾರಾಣೆಯೆಂದು ಹಿಡಿದು, ಆ ವರ್ಷ ಕೈಗೆ ಬಂದ ಬೆಳೆ ಎಷ್ಟಾಣೆಯೆಂದು ಅಂದಾಜು ಮಾಡುವ ಪದ್ಧತಿ ಇದು. ಮುಂಬಯಿ ಪ್ರಾಂತದ ಕಂದಾಯ ನಿಯಮದಂತೆ ಬೆಳೆ ನಾಲ್ಕಾಣೆ ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಆ ವರ್ಷದ ಕಂದಾಯ ವಸೂಲಿಯನ್ನು ಪೂರ್ತಿ ತಡೆಹಿಡಿಯಬೇಕಿತ್ತು. 1918ರಲ್ಲಿ ಗಾಂಧೀಜಿಯವರ ನೇತೃತ್ವದಲ್ಲಿ ನಡೆದ ಖೇಡಾ ಸತ್ಯಾಗ್ರಹದ ಮೂಲದಲ್ಲಿ ಇದ್ದುದು ಇದೇ ವಿವಾದ: ಬೆಳೆ ನಾಲ್ಕಾಣೆಯ ಒಳಗೋ, ಮೇಲೋ? ಹೊಲದ ಬದುವಿನಲ್ಲಿ ನಿಂತ ಅಧಿಕಾರಿಯ ಕಣ್ಣಂದಾಜಿನ ಒಂದಾಣೆ ವ್ಯತ್ಯಾಸ ರೈತನ ಎತ್ತು ಉಳಿಯುವುದನ್ನೋ ಹೋಗುವುದನ್ನೋ ನಿರ್ಧರಿಸಬಹುದಾಗಿತ್ತು. 1876-78ರ ಬರದಲ್ಲಿ ನಲುಗಿದ ಧಾರವಾಡ ಸೀಮೆಯ ಜನರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಜಾರಿಗೆ ಬಂದು ರೂಪಾಯಿಗೆ ನೂರು ನಯಾಪೈಸೆಯಾಯಿತು. ಒಂದಾಣೆಗೆ ಆರೂಕಾಲು ನಯಾಪೈಸೆ ಬರುವುದರಿಂದ ವ್ಯವಹಾರಕ್ಕೆ ಆರೆಂದು ಹಿಡಿಯಲಾಯಿತು; ಎರಡಾಣೆಗೆ ಹನ್ನೆರಡು, ಮೂರಾಣೆಗೆ ಹತ್ತೊಂಬತ್ತು, ನಾಲ್ಕಾಣೆಗೆ ಇಪ್ಪತ್ತೈದು. ಒಂದೊಂದಾಣೆಯ ಸಾಮಾನನ್ನು ನಾಲ್ಕು ಸಲ ಕೊಂಡವನು ಇಪ್ಪತ್ನಾಲ್ಕು, ಒಮ್ಮೆಗೇ ಕೊಂಡವನು ಇಪ್ಪತ್ತೈದು ಕೊಡುವಂತಾಯಿತು. ಇಷ್ಟಾದರೂ 25 ಪೈಸೆ ‘ನಾಲ್ಕಾಣೆ’ಯೆಂದೇ, 50 ಪೈಸೆ ‘ಎಂಟಾಣೆ’ಯೆಂದೇ ಕರೆಸಿಕೊಂಡವು. ನಾಲ್ಕಾಣೆಯ ನಾಣ್ಯದ ಚಲಾವಣೆ 2011ರ ಜೂನ್ 30ಕ್ಕೆ ಕೊನೆಗೊಂಡಿತು.

ದಶಮಾಂಶ ಪದ್ಧತಿ ಬರಹದ ಲೆಕ್ಕವನ್ನು ಸುಲಭಗೊಳಿಸಿತೆಂಬುದರಲ್ಲಿ ಸಂದೇಹವಿಲ್ಲ. ಹದಿನಾರರ ಪದ್ಧತಿ ಬಾಯಿಲೆಕ್ಕದ, ಕೈಯಳತೆಯ ಪದ್ಧತಿ. ಹಿಂದೆ ಮಕ್ಕಳು ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿಗಳನ್ನು ಬಾಯಿಪಾಠ ಮಾಡುತ್ತಿದ್ದುದು ಈ ಕಾರಣದಿಂದಲೇ. ಆ ಮಗ್ಗಿಗಳನ್ನು ಬಲ್ಲ ಹಿರಿಯರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಹಾಡು, ಕಥೆಗಳನ್ನು ಸಂಗ್ರಹಿಸಿದ ಆಸ್ಥೆಯಿಂದಲೇ ಈ ಮಗ್ಗಿಗಳನ್ನೂ, ರಾಶಿ ಹಂಚುವ ಕ್ರಮಗಳನ್ನೂ, ಅಳತೆಯ ಪದಗಳನ್ನೂ ದಾಖಲಿಸುವುದು ಜಾನಪದ ಕ್ಷೇತ್ರದಲ್ಲಿ ತಡವಿಲ್ಲದೆ ಆಗಬೇಕಾದ ಕೆಲಸವಾಗಿದೆ.